ಮೆಟ್ಟಿಲ ಮೇಲಿನ ಪೌರನೀತಿ

ನಮ್ಮ ದೋತರದ ಮಾಸ್ತರು ಈ ವರ್ಷ ಹೋಗಿಬಿಟ್ಟರು. ತೊಂಬತ್ತು ದಾಟಿತ್ತು. ಜಮಖಂಡಿಯ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸ, ಪೌರನೀತಿ ಎರಡೂ ಅವರದೇ. ಪಾಣಿಪತ್ ಕದನದ ಇಸವಿಗಳು ನನಗೀಗ ನೆನಪಿಲ್ಲ. ನಮ್ಮ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಯಾವ ವರ್ಷ ಏನಾದರು ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ.

1977ರ ಫೆಬ್ರವರಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು, ಉಪರಾಷ್ಟ್ರಪತಿ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ ಅಂತ ಸುದ್ದಿ ಬಂತು. ಮಾಸ್ತರು ಪುಸ್ತಕ ಮುಚ್ಚಿದರು. ನಮ್ಮನ್ನು ಹೊರಗೆ ಕರೆದು ಶಾಲೆಯ ಕಲ್ಲಿನ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದರು. ಮೆಟ್ಟಿಲಿಗೊಂದು ಹುದ್ದೆ. ಕೆಳಗಿನವನು '1940, ಜಮಖಂಡಿ ಪುರಸಭೆ ಸದಸ್ಯ' ಎಂದು ಕೂಗಬೇಕು. ಮೇಲಿನವನು '1945, ಅಧ್ಯಕ್ಷ'. ಆಮೇಲೆ ಜಮಖಂಡಿ ಸಂಸ್ಥಾನದ ಮಂತ್ರಿ, ದಿವಾನ. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. 1952ರಲ್ಲಿ ಮುಂಬೈ ರಾಜ್ಯದ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಉಪಮಂತ್ರಿ. 1958ಕ್ಕೆ ಮೈಸೂರು ರಾಜ್ಯದ ಮುಖ್ಯಮಂತ್ರಿ! ಅಷ್ಟಕ್ಕೇ ಮೆಟ್ಟಿಲು ಮುಗಿದವು. ದಿಲ್ಲಿಗಾಗಿ ಒಬ್ಬನನ್ನು ಪಕ್ಕದ ಕಟ್ಟೆ ಹತ್ತಿಸಬೇಕಾಯಿತು.

ನನಗೆ ಸಿಕ್ಕಿದ್ದು ಕೆಳಗಿನ ಮೆಟ್ಟಿಲು. ಮುಖ ಊದಿಸಿಕೊಂಡೆ.

"ಯಾಕಲೇ, ಪುರಸಭೆ ಅಂದ್ರ ಸಣ್ಣದೇನು? ನಳಕ್ಕ ನೀರ ಬರಲಿಲ್ಲಂದ್ರ ನಿಮ್ಮವ್ವ ದಿಲ್ಲಿಗೆ ಹೋಗತಾಳೇನು?"

ಮುಂದಿನ ತಿಂಗಳೇ ಮೊರಾರ್ಜಿ ಪ್ರಧಾನಿಯಾದರು. ಪ್ರಮಾಣವಚನ ಬೋಧಿಸಿದ್ದು ಹಳೆಯ ಉಪಮಂತ್ರಿ ಜತ್ತಿಯವರು! ಆ ಮೆಟ್ಟಿಲ ಮೇಲೆ ನಿಂತಿದ್ದ ಹುಡುಗ ಅವತ್ತು ಇಡೀ ಶಾಲೆ ತುಂಬ ಮೆರೆದ.

ಅದೇ ವರ್ಷ ದೀಪಾವಳಿ ಸೂಟಿ ಮುಗಿದ ಮೇಲೆ ಕ್ಲಾಸ್ ಲೀಡರ್ ಚುನಾವಣೆ. ನಾನೂ ನಿಂತೆ. ಗಾಣಕ್ಕೆ ಹೊರಟ ಕಬ್ಬಿನ ಚಕ್ಕಡಿಯ ಹಿಂದೆ ಓಡಿ ಜಲ್ಲೆ ಎಳೆಯುವುದರಲ್ಲಿ ನಮ್ಮ ಗ್ಯಾಂಗ್ ಪಳಗಿತ್ತು. ಮತಕ್ಕೊಂದು ಕಬ್ಬಿನ ಗಣಿಕೆ ಅಂತ ಹಂಚಿದೆವು, ನಾನೇ ಗೆದ್ದೆ. ಮಾಸ್ತರು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಬರೀ ಸಿಪ್ಪೆ! ಚುನಾವಣೆ ರದ್ದು. ಕಸ ನಾವೇ ಗುಡಿಸಿದೆವು. ಮಾರನೇ ದಿನ ಅವರ ಟೋಪಿಯೇ ಮತಪೆಟ್ಟಿಗೆ, ಚೀಟಿ ಮಡಚಿ ಹಾಕಿದೆವು. ಕಬ್ಬಿಲ್ಲದೆಯೂ ನಾನೇ ಗೆದ್ದೆ, ಅದೂ ಮೊದಲಿಗಿಂತ ಜಾಸ್ತಿ ಮತದಿಂದ. ನನ್ನ ಕಬ್ಬು ತಿಂದು ಆ ಕಡೆ ಮತ ಹಾಕಿದವರು ಈಗಲೂ ಸಂತೆಯಲ್ಲಿ ಸಿಗುತ್ತಾರೆ, ಸುಮ್ನೆ ನಗುತ್ತಾರೆ.

ಮುಂದೆ ನಾನು ಪುರಸಭೆಗೂ ಆರಿಸಿ ಬಂದೆ. ಹಾರ ತುರಾಯಿ ಬೇಕಾದಷ್ಟು ಬಂದವು. ಮಾಸ್ತರಿಂದ ಬಂದಿದ್ದು ಒಂದು ಚೀಟಿ: 'ನಮ್ಮ ಓಣಿ ಗಟಾರ ತುಂಬೇತಿ.' ವಾರದೊಳಗೆ ತೆಗೆಸಿದೆ. ಆ ಓಣಿಯವರು ಇವತ್ತಿಗೂ ನನ್ನ ಹೆಸರು ಹೇಳುತ್ತಾರೆ.

ಈಗಿನ ಹುಡುಗರಿಗೆ ನೇರವಾಗಿ ಶಾಸಕರ ಟಿಕೆಟ್ಟೇ ಬೇಕು. ಅವರನ್ನೂ ಏನು ಅನ್ನೋದು? ಎಷ್ಟೋ ಶಾಲೆಗಳಲ್ಲಿ ಕ್ಲಾಸ್ ಲೀಡರ್‌ನನ್ನು ಮಾರ್ಕ್ಸ್ ನೋಡಿ ಮಾಡುತ್ತಾರೆ. ಗೆಲ್ಲೋದು, ಸೋಲೋದು ಹುಡುಗರು ಕಲಿಯೋದಾದರೂ ಎಲ್ಲಿ? ನಮ್ಮ ಬ್ಯಾಚಿನವರು ಮುಖ್ಯಾಧ್ಯಾಪಕರಿಗೆ ಅರ್ಜಿ ಕೊಟ್ಟಿದ್ದೇವೆ, ಈ ಜೂನ್‌ನಿಂದ ಮತ್ತೆ ಚುನಾವಣೆ ಇಡಿ ಅಂತ. ಮತಪೆಟ್ಟಿಗೆಯ ಖರ್ಚು ನನ್ನದು.