ಜೈಸಲ್ಮೇರ್ ಹವೇಲಿ ನೋಡಲು ಹೋಗುವವರಿಗೆ: ಅಗ್ಗದ ರೂಮಿಗೆ ಮರುಳಾಗಬೇಡಿ

ನಾನು, ಅಮ್ಮ ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗಿದ್ದು ಹವೇಲಿಗಳನ್ನು, ಅಂದರೆ ಸಿರಿವಂತರ ಹಳೇ ಕೆತ್ತನೆ ಮನೆಗಳನ್ನು ನೋಡಲು. ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ಫೋನಿನಲ್ಲಿ 500 ರೂಪಾಯಿ ಅಂದಿದ್ದರು. ಬೆಳಗಿನ ಜಾವ ಹೋಗಿ ಬ್ಯಾಗ್ ಇಳಿಸುವ ಮೊದಲೇ ಒಂಟೆ ಸಫಾರಿಯ ಮಾತು ತೆಗೆದರು. ಅಮ್ಮನಿಗೆ ಸೊಂಟನೋವು, ಬೇಡ ಅಂದೆವು. ಮಧ್ಯಾಹ್ನದ ಹೊತ್ತಿಗೆ ಅದೇ ರೂಮಿನ ಬಾಡಿಗೆ 1,800 ಆಯಿತು! ಇಲ್ಲದಿದ್ದರೆ ಖಾಲಿ ಮಾಡಿ ಅಂದರು. ಆ ಬಿಸಿಲಲ್ಲಿ ಅಮ್ಮನನ್ನು ಕರೆದುಕೊಂಡು ಬೇರೆ ರೂಮು ಹುಡುಕಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಫಾರಿ ತೆಗೆದುಕೊಳ್ಳದಿದ್ದರೂ ಇದೇ ರೇಟಾ ಅಂತ ಮೊದಲೇ ಕೇಳಿ, ಉತ್ತರವನ್ನು ಮೆಸೇಜಿನಲ್ಲೇ ತರಿಸಿಕೊಳ್ಳಿ.

ಎಲ್ಲರೂ ಮೊದಲು ಓಡುವುದು ಪಟ್ವೋಂ ಕೀ ಹವೇಲಿಗೆ. ವ್ಯಾಪಾರಿ ಗುಮಾನ್ ಚಂದ್ ಪಟ್ವಾ 1805ರಲ್ಲಿ ಶುರು ಮಾಡಿಸಿದ್ದು, ಐದು ಮಕ್ಕಳಿಗೆ ಐದು ಮನೆ. ಚೆನ್ನಾಗಿದೆ. ಆದರೆ ಕಿರಿದಾದ ಮೆಟ್ಟಿಲ ಮೇಲೆ ಜನ ಫೋಟೋಗೆ ಸಾಲು ನಿಂತಿದ್ದರು. ನನಗೆ ನೂಕುನುಗ್ಗಲು ಆಗುವುದಿಲ್ಲ, ಅರ್ಧಕ್ಕೇ ಇಳಿದು ಬಂದೆ.

ನನ್ನ ಮನಸ್ಸು ನಿಂತಿದ್ದು ನಥ್ಮಲ್ ಹವೇಲಿಯ ಮುಂದೆ. ದಿವಾನ ನಥ್ಮಲ್ ಇದ್ದ ಮನೆ, 1885ರದ್ದು. ಬಾಗಿಲ ಎರಡೂ ಕಡೆ ಹಳದಿ ಕಲ್ಲಿನ ಆನೆಗಳಿವೆ. ಕೆತ್ತಿದವರು ಅಣ್ಣತಮ್ಮಂದಿರು, ಒಬ್ಬ ಎಡಭಾಗ, ಇನ್ನೊಬ್ಬ ಬಲಭಾಗ. ದೂರದಿಂದ ಎರಡೂ ಒಂದೇ ಥರ. ಹತ್ತಿರ ಹೋಗಿ ಒಂದೊಂದೇ ಕಿಟಕಿಯನ್ನು ಎಡಕ್ಕೂ ಬಲಕ್ಕೂ ತಾಳೆ ನೋಡಿ. ಬಳ್ಳಿ ಬೇರೆ, ಹೂವು ಬೇರೆ. ಅಮ್ಮ ಒಂದು ಕಡೆ, ನಾನು ಇನ್ನೊಂದು ಕಡೆ ನಿಂತು ಕೂಗಿ ಕೂಗಿ ಹೇಳಿಕೊಂಡು ನೋಡಿದೆವು. ಸೈಕಲ್, ರೈಲು ಎಂಜಿನ್ ಕೂಡ ಕಲ್ಲಿನಲ್ಲಿವೆ. ಈ ಊರಿಗೆ ರೈಲು ಬಂದಿದ್ದು ಅದಾಗಿ ಎಷ್ಟೋ ದಶಕಗಳ ಮೇಲೆ ಅಲ್ವಾ!

ನೀರಿಗೆ ಬರವಿದ್ದ ಊರು. ಹಾಗಾಗಿ ಇಲ್ಲಿನ ಹಳೇ ಮನೆಗಳಲ್ಲಿ ಗಾರೆಯ ಬಳಕೆ ಕಡಿಮೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದಾರೆ. ನಡುವೆ ನಮ್ಮ ತೊಟ್ಟಿಮನೆಯ ಹಾಗೆ ತೆರೆದ ಅಂಗಳ. ಬೀದಿ ಕಡೆಯ ಕಲ್ಲಿನ ಜಾಲಂಧ್ರದಿಂದ ಗಾಳಿ ಬರುತ್ತದೆ, ಒಳಗಿನ ಹೆಂಗಸರು ಹೊರಗೆ ಕಾಣದೆ ಬೀದಿ ನೋಡಬಹುದಿತ್ತು. ಒಂಟೆ ಸಾಲುಗಳ ವ್ಯಾಪಾರದಿಂದ ಬಂದ ಸಿರಿ ಇದು. ಮುಂಬೈ ಬಂದರು ಬೆಳೆದಂತೆ ಅದು ಇಳಿಯಿತು, 1947ರಲ್ಲಿ ಸಿಂಧ್ ಕಡೆಯ ದಾರಿಯೇ ಮುಚ್ಚಿತು. ನಥ್ಮಲ್ ಮನೆಯವರು ಈಗಲೂ ಇಲ್ಲೇ ಇದ್ದಾರೆ, ಸುಮ್ನೆ ಒಳಗೆ ನುಗ್ಗಬೇಡಿ. ಬೆಳಿಗ್ಗೆ ಏಳಕ್ಕೇ ಹೋಗಿ, ಬೀದಿ ಖಾಲಿ ಇರುತ್ತದೆ.

ಇನ್ನು ಊಟ. ಹಿಂದಿನ ಗಲ್ಲಿಯಲ್ಲಿ ನಾಲ್ಕೇ ಬೆಂಚಿನ ಒಂದು ಜಾಗ, ಬೋರ್ಡೂ ಇಲ್ಲ. ಸಜ್ಜೆ ರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ, ಮೇಲೆ ತುಪ್ಪ, ಪಕ್ಕದಲ್ಲಿ ಮಜ್ಜಿಗೆಹುಳಿಯಂಥ ಕಢಿ ಮತ್ತು ಕೇರ್ ಸಾಂಗ್ರಿ ಪಲ್ಯ. ಕೇರ್ ಅಂದರೆ ಮರುಭೂಮಿಯ ಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದರೆ ನಮ್ಮ ಬನ್ನಿ ಮರದ ಕಾಯಿ! ದಸರೆಗೆ ಎಲೆ ಹಂಚುವ ನಮಗೆ ಅದರ ಕಾಯಿ ತಿನ್ನಬಹುದು ಅಂತಲೇ ಗೊತ್ತಿರಲಿಲ್ಲ. ಸ್ವಲ್ಪ ಹುಳಿ, ಜಾಸ್ತಿ ಖಾರ. ಇಬ್ಬರಿಗೂ ಸೇರಿ 160 ರೂಪಾಯಿ. ಅಲ್ಲಿದ್ದ ಅಜ್ಜಿ ಅಮ್ಮನಿಗೆ ಮೂರನೇ ರೊಟ್ಟಿಯನ್ನು ಕೇಳದೆಯೇ ಬಡಿಸಿದರು. ಮರುದಿನವೂ ಅಲ್ಲೇ ಉಂಡೆವು.