ವಾಷಿಂಗ್ ಅಲೌನ್ಸ್

ಡೊಂಬಿವಲಿ, 9 ಆಗಸ್ಟ್ 2024, ಶುಕ್ರವಾರ

ಇವತ್ತು ನಾಗರ ಪಂಚಮಿ. ಮಳೆಯಲ್ಲೇ ಹೋಗಿ ಅರಿಶಿನ ಎಲೆ ತಂದೆ. ಕಡುಬು ಈ ಸಲ ನಾನೇ ಮಾಡಿದ್ದು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಹಿಟ್ಟು ತೆಳ್ಳಗೆ ಹಚ್ಚು ಮಾರಾಯ್ತಿ, ಗೋಡೆಗೆ ಗಾರೆ ಹಚ್ಚುವುದಲ್ಲ" ಅಂದಳು. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ಎಳೆದುಕೊಂಡಳು. ಒಂದೂವರೆ ಕಡುಬು ತಿಂದಳು. ಈಚಿನ ದಿನಗಳಲ್ಲಿ ಅದೇ ಜಾಸ್ತಿ.

ಬುಧವಾರದ ಸಂಗತಿಯನ್ನು ಇವತ್ತು ಬರೆಯುತ್ತಿದ್ದೇನೆ. ಅವತ್ತು ಆಗಲಿಲ್ಲ.

ಹೋದ ವರ್ಷ ಅಮ್ಮನ ಎದೆಯಲ್ಲಿ ನೀರು ತುಂಬಿದಾಗ ಟಿಬಿ ಅಂದಿದ್ದರು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ನೀರು ಮತ್ತೆ ಬಂತು. ಈಗ ಬಯಾಪ್ಸಿ ರಿಪೋರ್ಟ್‌ನಲ್ಲಿ ಬೇರೆ ಹೆಸರಿದೆ. ಮೀಸೋಥೀಲಿಯೋಮಾ. ಶ್ವಾಸಕೋಶದ ಸುತ್ತ ಇರುವ ತೆಳು ಪೊರೆಗೆ ಬರುವ ಕ್ಯಾನ್ಸರ್.

ಹೊಸ ಡಾಕ್ಟರ್ ಚಿಕ್ಕ ಹುಡುಗಿ. ಹಿಂದಿಯಲ್ಲಿ ಕೇಳಿದಳು, "ಆಂಟಿ, ನೀವು ಎಲ್ಲಿ ಕೆಲಸ ಮಾಡುತ್ತಿದ್ದಿರಿ?"

"ನಾನು ಎಲ್ಲಿಯೂ ಕೆಲಸ ಮಾಡಿಲ್ಲ. ಮನೆಯಲ್ಲೇ ಇದ್ದದ್ದು."

ಅವಳು ಬಿಡಲಿಲ್ಲ. ಸಿಮೆಂಟ್ ಶೀಟ್ ಮಾಡುವ ಕಡೆ? ಹಡಗು ಒಡೆಯುವ ಕಡೆ? ಬ್ರೇಕ್ ಲೈನರ್? ಅಮ್ಮ ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಬ್ರೇಕ್ ಲೈನರ್ ಅಂದಾಗ ನಾನು ಬಾಯಿ ಬಿಟ್ಟೆ. ಅಪ್ಪ ಇಪ್ಪತ್ತೇಳು ವರ್ಷ ಗ್ರೈಂಡಿಂಗ್ ಮಾಡಿದ್ದು ಅದನ್ನೇ. 1972ರಿಂದ 1999ರವರೆಗೆ.

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಅಂಕಲ್‌ನ ಯೂನಿಫಾರ್ಮ್ ಯಾರು ಒಗೆಯುತ್ತಿದ್ದರು?"

ಅಮ್ಮನಿಗೆ ನಗು ಬಂತು. ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಹೇಳಲು ಶುರು ಮಾಡಿದಳು, ಅದೂ ಖುಷಿಯಿಂದ. ತನ್ನ ಕೆಲಸದ ಬಗ್ಗೆ ಯಾರಾದರೂ ಡಾಕ್ಟರ್ ಕೇಳಿದ್ದು ಅದೇ ಮೊದಲಿರಬೇಕು. ಹಾಗೇ ನೆನೆಸಿದರೆ ಮೋರಿ ಕಟ್ಟಿಕೊಳ್ಳುತ್ತಿತ್ತಂತೆ. ಅದಕ್ಕೆ ಮೊದಲು ಚಾಳಿನ ಗ್ಯಾಲರಿಯಲ್ಲಿ ನಿಂತು ಶರ್ಟನ್ನು ಪಟಪಟ ಅಂತ ಕೊಡವುವುದು. ಜೇಬು ತಿರುಗಿಸಿ ಬೆರಳು ಹಾಕಿ ಧೂಳು ತೆಗೆಯುವುದು. ಆಮೇಲೆ ಸೋಡಾಪುಡಿ, ಬಿಸಿನೀರು, ಬ್ರಷ್. "ನಮ್ಮ ಮಹಡಿಯಲ್ಲಿ ಇವರ ಯೂನಿಫಾರ್ಮ್‌ನಷ್ಟು ಚೊಕ್ಕ ಯಾರದ್ದೂ ಇರಲಿಲ್ಲ."

ಅಪ್ಪ ಆಗ ಹೊರಗೆ ಫೈಲಿನ ಕ್ಯೂನಲ್ಲಿ ನಿಂತಿದ್ದರು. ಒಳಗಿದ್ದಿದ್ದರೆ ಅಂತ ಯೋಚಿಸಿಯೇ ಕೈಕಾಲು ತಣ್ಣಗಾಗುತ್ತದೆ.

ಆವತ್ತಿನಿಂದ ರಾತ್ರಿ ನಿದ್ದೆ ಇಲ್ಲ, ಓದುತ್ತಾ ಕೂರುತ್ತೇನೆ. ಬ್ರೇಕ್ ಲೈನರ್‌ಗೆ ಹಾಕುತ್ತಿದ್ದ ಆಸ್ಬೆಸ್ಟಾಸ್‌ನ ಧೂಳಿನಿಂದ ಈ ರೋಗ ಬರುತ್ತದಂತೆ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಅಂತ ಹೆಸರು. ಕಲ್ಲಿನ ನಾರು. ಚೆಂದದ ಹೆಸರು, ಅಲ್ವಾ? ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಒಳಗೆ ಹೋದರೆ ಕರಗುವುದಿಲ್ಲ. ಮೂವತ್ತು, ನಲವತ್ತು ವರ್ಷ ಸುಮ್ನೆ ಇರುತ್ತದೆ. 1965ರಲ್ಲೇ ಲಂಡನ್ನಿನ ಇಬ್ಬರು ವೈದ್ಯರು ಇದೇ ರೋಗದ 76 ಜನರ ವಿವರ ಬರೆದಿದ್ದಾರೆ. ಅದರಲ್ಲಿ 9 ಜನ ತಾವು ಆ ಕೆಲಸ ಮಾಡಿದವರಲ್ಲ, ಮನೆಯವರು ಮಾಡುತ್ತಿದ್ದರು. ಹೆಚ್ಚಿನವರು ಗಂಡನ ಬಟ್ಟೆ ಒಗೆದ ಹೆಂಗಸರು. 1965! ಅಪ್ಪ ಕೆಲಸಕ್ಕೆ ಸೇರುವುದಕ್ಕೆ ಏಳು ವರ್ಷ ಮೊದಲು. ಅಮ್ಮನಿಗೆ ಆಗ ಹನ್ನೊಂದು ವರ್ಷ, ಕುಂದಾಪುರದ ಹತ್ತಿರ ಗದ್ದೆಯ ಅಂಚಿನಲ್ಲಿ ದನ ಮೇಯಿಸುತ್ತಿದ್ದಳು.

ಆ 9 ಜನರಲ್ಲಿ ಇಬ್ಬರು ಗಂಡಸರು. ಅವರಿಬ್ಬರ ಅಕ್ಕಂದಿರು ಕಲ್ನಾರಿನ ಫ್ಯಾಕ್ಟರಿಗೆ ಹೋಗುತ್ತಿದ್ದಾಗ ಅವರು ಎಂಟೊಂಬತ್ತು ವರ್ಷದ ಹುಡುಗರು. ಈ ಸಾಲು ಓದಿ ಮೊಬೈಲ್ ಮಗುಚಿ ಹಾಕಿ ಮಲಗಿದೆ. ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದಾಗ ಅಣ್ಣ ಹೆಗಲಿಗೆ ಹತ್ತಿ ಕೂದಲಿಂದ ಬಿಳಿ ಎಳೆ ಹೆಕ್ಕುತ್ತಿದ್ದ. "ಅಪ್ಪ ಮುದುಕ ಆದ್ರು" ಅಂತ ಕೂಗುತ್ತಿದ್ದ. ನಾನು ಕೆಳಗಿಂದ ಎರಡು ಕೈ ಎತ್ತಿ ನನ್ನ ಸರದಿ ಕಾಯುತ್ತಿದ್ದೆ.

(ಕೆಳಗಿನ ಮಹಡಿಯವರು ನಿನ್ನೆ ಗಾಬರಿಯಿಂದ ಕೇಳಿದರು, ನಮ್ಮ ಟೆರೇಸಿನ ಶೀಟು? ಸಿಮೆಂಟಿನಲ್ಲಿ ಹಿಡಿದಿರುವ ತನಕ ಅಪಾಯ ಕಡಿಮೆ. ಕೊರೆಯಬೇಡಿ, ಒಡೆಯಬೇಡಿ ಅಂದೆ. ಎರಡು ರಾತ್ರಿ ಓದಿ ನಾನೇ ತಜ್ಞೆ ಆಗಿಬಿಟ್ಟಿದ್ದೇನೆ.)

ಇನ್ನೊಂದು ಲೆಕ್ಕವೂ ಹಾಕಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಕಲ್ನಾರಿನ ಫ್ಯಾಕ್ಟರಿಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು. ಅಪ್ಪನ ಲೆಕ್ಕದಲ್ಲಿ ಅದು 2014ಕ್ಕೆ ಮುಗಿಯಿತು. ಅಮ್ಮನ ಲೆಕ್ಕ ಎಲ್ಲಿಂದ ಹಿಡಿಯುವುದು? ಹಾಜರಿ ಪುಸ್ತಕವಿಲ್ಲ, ನಂಬರಿಲ್ಲ. ಆಸ್ಪತ್ರೆಯ ಫಾರ್ಮಿನಲ್ಲಿ ಉದ್ಯೋಗ ಅನ್ನುವ ಕಡೆ ನಾನೇ ಗೃಹಿಣಿ ಅಂತ ಬರೆದು ಬಂದಿದ್ದೇನೆ.

ಸಂಜೆ ಅಮ್ಮ ಮಲಗಿದ ಮೇಲೆ ಅಪ್ಪ ಬಂದು ಎದುರು ಕೂತರು.

"ಡಾಕ್ಟರು ನನ್ನ ಫ್ಯಾಕ್ಟರಿ ವಿಷಯ ಕೇಳಿದರಂತೆ. ಎಂತಕ್ಕೆ?"

"ಸುಮ್ನೆ ಅಪ್ಪ. ಎಲ್ಲರಿಗೂ ಕೇಳ್ತಾರೆ."

ಏನೂ ಹೇಳಲಿಲ್ಲ. ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಂದರು. ಪಿಎಫ್ ಕಾಗದ, ಯೂನಿಯನ್ ರಸೀದಿ, ರಬ್ಬರ್ ಬ್ಯಾಂಡ್ ಹಾಕಿದ ಪಗಾರದ ಚೀಟಿಗಳು. "ನಿಂಗೆ ಬೇಕಾದೀತು. ನನ್ನ ಸೆಕ್ಷನ್ ಎಲ್ಲ ಇದರಲ್ಲಿ ಉಂಟು." ಅಂದರೆ ಇವರಿಗೆ ಗೊತ್ತಾಗಿದೆಯಾ? ಮುಖ ನೋಡಲು ಧೈರ್ಯ ಬರಲಿಲ್ಲ. ಚೀಟಿ ನೋಡಿದೆ. 1983ರದ್ದು. ಬೇಸಿಕ್, ಡಿಎ, ಅದರ ಕೆಳಗೆ ಮಾಸಿದ ಅಕ್ಷರದಲ್ಲಿ ವಾಷಿಂಗ್ ಅಲೌನ್ಸ್, 12 ರೂಪಾಯಿ.

ಅಪ್ಪ ಅಲ್ಲೇ ಬೆರಳಿಟ್ಟರು. "ಇದನ್ನು ಪ್ರತಿ ತಿಂಗಳು ಬೇರೆ ತೆಗೆದು ಅವಳ ಕೈಗೇ ಕೊಡುತ್ತಿದ್ದೆ. ಅವಳ ದುಡ್ಡು ಅಂತ. ಕೇಳು ಬೇಕಾದರೆ."

ನಾನು ಕೇಳುವುದಿಲ್ಲ.

ಅಣ್ಣನಿಗೆ ಫೋನ್ ಮಾಡಬೇಕು. ಮಸ್ಕತ್‌ನಲ್ಲಿ ಈಗ ಎಂಟೂವರೆ ಆಗಿರುತ್ತದೆ, ರೂಮಿಗೆ ಬಂದಿರುತ್ತಾನೆ. ಒಂದು ಎಕ್ಸ್‌ರೇ ತೆಗೆಸು ಅಂತ ಹೇಗೆ ಹೇಳುವುದು? ಮೊದಲು ಕಡುಬು ಮಾಡಿದಿರಾ ಅಂತ ಕೇಳುತ್ತಾನೆ. ಮಾಡಿದೆವು ಅನ್ನುತ್ತೇನೆ. ಆಮೇಲೆ