'ಅವಸರವಿಲ್ಲ' ಅಂತ ಬರೆದದ್ದು ನಾನೇ

ಕಾಸರಗೋಡಿನ ಒಂದು ಕೇಬಲ್ ಚಾನೆಲಿನ ಕನ್ನಡ ಡೆಸ್ಕಿನಲ್ಲಿ ನನ್ನ ಕೆಲಸ. ಡೆಸ್ಕ್ ಅಂದರೆ ದೊಡ್ಡದೇನಲ್ಲ. ಎರಡು ಕಂಪ್ಯೂಟರ್, ಒಂದು ಫ್ಯಾನ್, ಮತ್ತೆ ಬೆಳಿಗ್ಗೆಯಿಂದ ರಾತ್ರಿ ತನಕ ಮಲಯಾಳದಲ್ಲಿ ಬರುವ ವಾಯ್ಸ್ ಮೆಸೇಜುಗಳು. ಅದನ್ನು ಕೇಳಿ ಕನ್ನಡದಲ್ಲಿ ಬರೆಯಬೇಕು, ಟಿವಿ ಪರದೆಯ ಕೆಳಗೆ ಓಡುವ ಸ್ಕ್ರೋಲ್ ಹಾಕಬೇಕು, ವಾಟ್ಸಾಪಿಗೆ ಸುದ್ದಿಯ ಒಂದು ಕಾರ್ಡ್ ಮಾಡಬೇಕು. ಸೇರಿದ ಹೊಸತರಲ್ಲಿ ವೋಟು ತಿರುಗಿಸುವುದೆಲ್ಲ ರಾತ್ರಿಯ ದೊಡ್ಡ ಚರ್ಚೆಗಳು, ನಮ್ಮ ಸ್ಕ್ರೋಲನ್ನು ಯಾರು ಓದುತ್ತಾರೆ ಅಂತಲೇ ಅಂದುಕೊಂಡಿದ್ದೆ.

ಹಾಗೆ ಅನ್ನಿಸಲು ಕಾರಣವೂ ಇತ್ತು. ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಟಿವಿ ಹಾಕಿದರೆ ಬೆಂಗಳೂರಿನ ಸುದ್ದಿಯೇ. ಇದು ಆಮೇಲೂ ಬದಲಾಗಲಿಲ್ಲ. 2023ರ ಮೇ ತಿಂಗಳಲ್ಲಿ ಕರ್ನಾಟಕದ ಫಲಿತಾಂಶ ಬಂದ ದಿನ ಮಾವನ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸವೇ ನಿಂತಿತ್ತು. ವರುಣಾ, ಕನಕಪುರ, ಹುಬ್ಬಳ್ಳಿ, ಎಲ್ಲದರ ಲೆಕ್ಕ ಬಾಯಿಪಾಠ. ಅಲ್ಲಿ ಕೂತಿದ್ದ ಒಬ್ಬರಿಗೂ ಆ ಚುನಾವಣೆಯಲ್ಲಿ ವೋಟಿಲ್ಲ! ಗಡಿಯ ತಲಪಾಡಿ ದಾಟಿ ಈಚೆ ಬಂದರೆ ನಾವು ಕೇರಳದವರು. ಸುಮ್ನೆ ಕೇಳಿದೆ, ನಮ್ಮ ಬ್ಲಾಕ್ ಪಂಚಾಯತಿನ ಸದಸ್ಯರು ಯಾರು ಅಂತ. ಅತ್ತೆಗೆ ಮಾತ್ರ ಗೊತ್ತಿತ್ತು, ಅದೂ ಕುಡುಂಬಶ್ರೀ ಅಂತ ಇರುವ ಹೆಂಗಸರ ಸ್ವಸಹಾಯ ಗುಂಪಿನ ಸಭೆಗೆ ಹೋಗುವ ಕಾರಣ. ಗಂಟೆಗಟ್ಟಲೆ ರಾಜಕೀಯ ನೋಡುತ್ತೇವೆ, ನಮ್ಮ ವೋಟು ಬೀಳುವ ಜಾಗದ್ದು ಮಾತ್ರ ಟಿವಿಯಲ್ಲಿ ಬರುವುದಿಲ್ಲ. ಅದು ಬರುವುದು ಫೋನಿನಲ್ಲಿ.

ಈಗ ನನ್ನ ತಪ್ಪಿನ ಕತೆ. 2020ರ ಪಂಚಾಯತ್ ಚುನಾವಣೆಗೆ ಮೊದಲು, ಕೊರೋನಾ ಕಾಲ. ಜನ ಸೇರುವಂತಿಲ್ಲ, ಹಾಗಾಗಿ ಪ್ರಚಾರ ಜಾಸ್ತಿಯೂ ವಾಟ್ಸಾಪಿನಲ್ಲೇ. ಕೇರಳದಲ್ಲಿ ಪಂಚಾಯತ್ ಚುನಾವಣೆಯ ಮತದಾರರ ಪಟ್ಟಿ ಬೇರೆ, ವಿಧಾನಸಭೆಯದ್ದು ಬೇರೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ಇದ್ದೇ ಇರುತ್ತದೆ ಅಂತ ಇಲ್ಲ. ಇದು ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ಸೇರಿಸಲು ಇನ್ನು ಕೆಲವೇ ದಿನ ಇದೆ, ಆಮೇಲೆ 'ಅವಸರಂ ಇಲ್ಲ' ಅಂತ ಒಬ್ಬ ಅಧಿಕಾರಿ ಮಲಯಾಳದಲ್ಲಿ ಹೇಳಿದ್ದರು. ವರದಿಗಾರ ಅದನ್ನು ಕಳಿಸಿದಾಗ ರಾತ್ರಿ ಹತ್ತು ಗಂಟೆ. ನಾನು ಟೈಪ್ ಮಾಡಿದ್ದು: 'ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವಸರವಿಲ್ಲ: ಅಧಿಕಾರಿ'.

ಮಲಯಾಳದ ಅವಸರಂ ಅಂದರೆ ಅವಕಾಶ. ನಮ್ಮ ಅವಸರ ಏನೆಂದು ಹೇಳಬೇಕಾಗಿಲ್ಲ, ಅಲ್ವಾ. ನನಗೆ ಮಲಯಾಳ ಬರುವುದಿಲ್ಲ ಅಂತಲ್ಲ, ದಿನಾ ಮಾತಾಡುತ್ತೇನೆ. ಚೆನ್ನಾಗಿ ಬರುವುದೇ ತೊಂದರೆಯಾದದ್ದು. ಕಿವಿಗೆ ಅರ್ಥವಾಯಿತು, ಕೈ ಅದೇ ಶಬ್ದವನ್ನು ಕನ್ನಡದಲ್ಲಿ ಇಳಿಸಿತು.

ಮರುದಿನ ಮಧ್ಯಾಹ್ನ ಎಡಿಟರ್ ಫೋನ್ ಮಾಡಿ 'ಏನು ಬರೆದಿದ್ದೀಯಾ ಮಾರಾಯ್ತಿ' ಅಂದಾಗಲೇ ಗೊತ್ತಾದದ್ದು. ಸ್ಕ್ರೋಲ್ ತಕ್ಷಣ ತೆಗೆದೆವು. ಕಾರ್ಡನ್ನು ಏನು ಮಾಡುವುದು? ಆಗ ವಾಟ್ಸಾಪಿನಲ್ಲಿ ಎಲ್ಲರಿಗೂ ಕಾಣದ ಹಾಗೆ ಅಳಿಸಲು ಒಂದು ಗಂಟೆ ಚಿಲ್ಲರೆ ಮಾತ್ರ ಸಮಯ ಸಿಗುತ್ತಿತ್ತು. ಸಿಕ್ಕಿದ್ದರೂ ಫಾರ್ವರ್ಡ್ ಆದ ಪ್ರತಿಗಳು ನಮ್ಮ ಕೈಯಲ್ಲಿ ಇಲ್ಲವಲ್ಲ. ಯಕ್ಷಗಾನದ ಗ್ರೂಪಿನಿಂದ ಹಿಡಿದು ಹಾಲಿನ ಸೊಸೈಟಿಯ ಗ್ರೂಪಿನ ತನಕ ಹೋಗಿತ್ತು. ತಿದ್ದಿದ ಕಾರ್ಡ್ ಬಿಟ್ಟೆವು, ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. 'ಅವಸರವಿಲ್ಲ' ಅಂದರೆ ಸಮಾಧಾನ, 'ಬೇಗ ಹೋಗಿ' ಅಂದರೆ ಕೆಲಸ. ಯಾವುದನ್ನು ಜನ ಹಂಚುತ್ತಾರೆ ಹೇಳಿ?

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಒಂದು ಪಕ್ಷದ ಹುಡುಗರು ನಮ್ಮ ಹಳೆಯ ಕಾರ್ಡಿಗೆ ಕೆಂಪು ವೃತ್ತ ಹಾಕಿ, ಕನ್ನಡಿಗರ ಹೆಸರು ಪಟ್ಟಿಗೆ ಸೇರದಂತೆ ಮಾಡಲು ಇದೊಂದು ಪಿತೂರಿ ಅಂತ ಹಂಚಿದರು. ನಿದ್ದೆಗಣ್ಣಿನಲ್ಲಿ ಟೈಪ್ ಮಾಡಿದವಳು ನಾನು, ಪಿತೂರಿ ಅಂತೆ! ಆದರೆ ಓದಿದವರಿಗೆ ಅದು ಪಿತೂರಿಯಾಗಿಯೇ ಕಂಡಿತು. ನಮ್ಮ ಊರಿನಲ್ಲಿ ಭಾಷೆಯ ಗಾಯ ಹಳೆಯದು, ಯಾರು ಮುಟ್ಟಿದರೂ ನೋಯುತ್ತದೆ. ಅದು ಗೊತ್ತಿದ್ದೇ ಮುಟ್ಟುತ್ತಾರೆ.

ಕೊನೆಗೆ ಸಹಾಯ ಮಾಡಿದ್ದು ಅತ್ತೆ. ಅವರು ತುಳುವಿನಲ್ಲಿ ಅರ್ಧ ನಿಮಿಷದ ಒಂದು ವಾಯ್ಸ್ ಮೆಸೇಜ್ ಮಾಡಿ ಕುಡುಂಬಶ್ರೀ ಗ್ರೂಪಿಗೆ ಹಾಕಿದರು. ಟಿವಿಯವರು ತಪ್ಪು ಬರೆದಿದ್ದಾರೆ, ತಾರೀಖು ಮುಗಿದರೆ ಆಗುವುದಿಲ್ಲ, ನಾಳೆಯೇ ಮಾಡಿಸಿ ಅಂತ. ಬರೆದದ್ದು ಸೊಸೆ ಅಂತ ಹೇಳಲಿಲ್ಲ, ಪುಣ್ಯ. ಅದು ಗುಂಪಿನಿಂದ ಗುಂಪಿಗೆ ಹೋಯಿತು. ನಮ್ಮ ಲೋಗೋ ಇದ್ದ ತಿದ್ದುಪಡಿಗಿಂತ ಪರಿಚಯದ ಒಂದು ದನಿಯನ್ನು ಜನ ನಂಬಿದರು.

ಎಲ್ಲರಿಗೂ ಮುಟ್ಟಲಿಲ್ಲ. ಪೆರ್ಲ ಕಡೆಯ ಒಬ್ಬ ಅಜ್ಜ ತಾರೀಖು ಮುಗಿದ ಮೇಲೆ ಆಫೀಸಿಗೆ ಫೋನ್ ಮಾಡಿದ್ದರು. ಬೈಯಲಿಲ್ಲ. 'ನೀವೇ ಅವಸರ ಇಲ್ಲ ಹೇಳಿದ್ದಲ್ವಾ ಮಗಾ, ಹಾಗೆ ನಾನು ಅಡಿಕೆ ಕೊಯ್ಲು ಮುಗಿಸಿ ಹೋಗುವ ಅಂತ ಇದ್ದೆ' ಅಂದರು. ಬೈದಿದ್ದರೇ ಒಳ್ಳೆಯದಿತ್ತು.

ನಮ್ಮ ಜಿಲ್ಲೆಯ ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭೆ ಚುನಾವಣೆಯ ಅಂತರ 89 ವೋಟು. ನಮ್ಮ ಕಡೆಯ ಮದುವೆಯಲ್ಲಿ ಒಂದು ಪಂಕ್ತಿಗೆ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. 2021ರಲ್ಲಿ 745. ಇಂಥ ಜಾಗದಲ್ಲಿ ಒಂದು ಸ್ಕ್ರೋಲ್ ಸಾಕು. ವಿಧಾನಸಭೆ, ಲೋಕಸಭೆ ಬಂದಾಗ ಟಿವಿಯಲ್ಲಿ ಪಕ್ಷದ ಜಾಹೀರಾತು ಹಾಕಲು ಮೊದಲೇ ಚುನಾವಣಾ ಆಯೋಗದ ಸಮಿತಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ಮತದಾನ ಮುಗಿಯುವ ಮೊದಲಿನ 48 ಗಂಟೆ ನಾವು ಬಾಯಿ ಮುಚ್ಚಿ ಕೂರಬೇಕು. ಆ 48 ಗಂಟೆಯಲ್ಲಿ ನನ್ನ ಫೋನಿಗೆ ಬರುವಷ್ಟು ಕಾರ್ಡುಗಳು ಬೇರೆ ಯಾವಾಗಲೂ ಬರುವುದಿಲ್ಲ.

ಈಗ ನನ್ನ ಕಂಪ್ಯೂಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ, ಎರಡೂ ಭಾಷೆಯಲ್ಲಿದ್ದು ಅರ್ಥ ಬೇರೆಯಾಗುವ ಶಬ್ದಗಳದ್ದು. ಮೊದಲನೆಯದು ಅವಸರ. ಎರಡನೆಯದು ಪ್ರಸಂಗ: ಅವರಿಗೆ ಭಾಷಣ, ನಮಗೆ ಯಕ್ಷಗಾನ. ಮೂರನೆಯದು ಪಟ್ಟಿ, ಇದು ತಿರುಗಿ ಹೊಡೆಯುವಂಥದ್ದು, ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಮತದಾರರ ಪಟ್ಟಿ ಅಂತ ನಾನು ಜೋರಾಗಿ ಓದಿದಾಗಲೆಲ್ಲ ಪಕ್ಕದ ಮಲಯಾಳ ಡೆಸ್ಕಿನವರು ನಗುತ್ತಾರೆ.

2021ರ ಏಪ್ರಿಲಿನಲ್ಲಿ, ಮತದಾನಕ್ಕೆ ಸ್ವಲ್ಪ ದಿನ ಇರುವಾಗ, ಅದೇ ಅಜ್ಜ ಫೋನ್ ಮಾಡಿದರು. ವಿಧಾನಸಭೆಯ ಪಟ್ಟಿಯಲ್ಲಿ ಅವರ ಹೆಸರು ಮೊದಲಿನಿಂದಲೂ ಇತ್ತಂತೆ. 'ಮಗಾ, ಈ ಸರ್ತಿ ಅವಸರ ಉಂಟಾ ಇಲ್ವಾ, ಸರಿಯಾಗಿ ಹೇಳು' ಅಂದರು.